ಗಾಲ್ಫ್ ಸ್ವಿಂಗ್ ತಿದ್ದಿಕೊಳ್ಳುವ ಅಭ್ಯಾಸ: ಚೆಂಡಿಗಿಂತ ಮೊದಲು ಮಣ್ಣನ್ನು ನೋಡಿ

ಗಾಲ್ಫ್ ಕಲಿಯಲು ಹೊರಟ ಮೊದಲ ನಾಲ್ಕು ತಿಂಗಳು ನಾನು ಪ್ರತಿ ಭಾನುವಾರ ಬೆಳಿಗ್ಗೆ ಆಲ್ದೂರು ಕಡೆಯ ತೋಟದಿಂದ ಚಿಕ್ಕಮಗಳೂರಿಗೆ ಬಂದು, ನೂರು ಚೆಂಡುಗಳ ಬುಟ್ಟಿಯೊಂದನ್ನು ಖಾಲಿ ಮಾಡಿ, ಅಭ್ಯಾಸವಾಯಿತೆಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದೆ. ಹೊಡೆದ ಚೆಂಡು ಬಲಕ್ಕೆ ಬಾಗಿ ಕಣ್ಮರೆಯಾಗುವ ಸ್ಲೈಸ್ ಎಂಬ ಕಾಯಿಲೆ ಆ ನಾಲ್ಕು ತಿಂಗಳಲ್ಲಿ ವಾಸಿಯಾಗಲಿಲ್ಲ; ವಾರಕ್ಕೆ ನೂರು ಸಲ ಅದನ್ನೇ ಮಾಡಿ ಮಾಡಿ ಇನ್ನಷ್ಟು ಗಟ್ಟಿಯಾಯಿತು. ಇದನ್ನು ಬಹಳ ದಿನ ದೂರದಿಂದಲೇ ನೋಡುತ್ತಿದ್ದ ಆಟಗಾರರ ಚೀಲ ಹೊರುವ ಹಿರಿಯ ಕ್ಯಾಡಿಯೊಬ್ಬರು ಒಂದು ಬೆಳಿಗ್ಗೆ ಹತ್ತಿರ ಬಂದು, “ಸಾರ್, ಚೆಂಡು ಎಲ್ಲಿಗೆ ಹೋಯ್ತು ಅಂತ ಆಮೇಲೆ ನೋಡೋಣ. ಮಣ್ಣು ಎಲ್ಲಿ ಎದ್ದಿದೆ ನೋಡಿ” ಎಂದರು. ನೋಡಿದೆ. ಚೆಂಡು ಇಟ್ಟಿದ್ದ ಜಾಗಕ್ಕಿಂತ ಅರ್ಧ ಗೇಣು ಹಿಂದೆ ಹುಲ್ಲು ಕಿತ್ತು ಬಂದಿತ್ತು, ಮತ್ತು ಆ ಗುರುತು ಗುರಿಯ ಕಡೆಗೆ ಮುಖ ಮಾಡದೆ ಎಡಗಡೆಯ ಸಿಲ್ವರ್ ಓಕ್ ಮರಗಳ ಸಾಲನ್ನು ತೋರಿಸುತ್ತಿತ್ತು. ನನ್ನ ಸ್ವಿಂಗಿನ, ಎಂದರೆ ಗಾಲ್ಫ್ ಕೋಲಾದ ಕ್ಲಬ್ಬನ್ನು ಬೀಸುವ ರೀತಿಯ, ಎರಡು ತಪ್ಪುಗಳೂ ಆ ಒಂದೇ ಗುರುತಿನಲ್ಲಿ ಬರೆದಿಟ್ಟಂತಿದ್ದವು.

ಈ ಲೇಖನದ ಉದ್ದೇಶ ತಪ್ಪು ತಿದ್ದುವ ಕಸರತ್ತುಗಳಾದ ಡ್ರಿಲ್‌ಗಳ ದೊಡ್ಡ ಪಟ್ಟಿಯೊಂದನ್ನು ಕೊಡುವುದಲ್ಲ. ಫೋನು ತೆರೆದರೆ ಅಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ, ಹೊಸಬರು ಕೆಡುವುದೂ ಹೆಚ್ಚಾಗಿ ಅವುಗಳಿಂದಲೇ. ಮೊದಲು ನಿಮ್ಮ ತಪ್ಪು ಯಾವುದೆಂದು ಗುರುತಿಸಿ, ಆ ತಪ್ಪಿಗೆ ತಕ್ಕ ಒಂದೇ ಡ್ರಿಲ್ ಆರಿಸಿ, ಅದನ್ನು ನಿಧಾನವಾಗಿ ಮೈಗೂಡಿಸಿಕೊಂಡು, ಆ ಬಳಿಕವಷ್ಟೇ ಪೂರ್ತಿ ವೇಗದ ಹೊಡೆತಕ್ಕೆ ತರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಎಲ್ಲ ಸೂಚನೆಗಳೂ ಬಲಗೈ ಆಟಗಾರರಿಗೆ ಹೊಂದುವಂತಿವೆ; ಎಡಗೈ ಆಟಗಾರರು ಎಡಬಲಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಡ್ರಿಲ್ ಏಕೆ ಬೇಕು ಎಂಬ ಪ್ರಶ್ನೆಗೆ ಒಂದು ಲೆಕ್ಕವೇ ಉತ್ತರ ಕೊಡುತ್ತದೆ. ಕ್ಲಬ್ಬಿನ ಮುಖ ಚೆಂಡಿಗೆ ತಾಗಿರುವ ಹೊತ್ತು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಷ್ಟು ಸಣ್ಣ ಅವಧಿಯಲ್ಲಿ ಕೈಯನ್ನು ತಿದ್ದಿಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಕೆಳಗಿಳಿಯುವ ಡೌನ್‌ಸ್ವಿಂಗ್ ಕೂಡ ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆಯಾದ್ದರಿಂದ, ಹೊಡೆಯುವಾಗ ನೆನಪಿಟ್ಟುಕೊಂಡು ಮಾಡುತ್ತೇನೆ ಎಂದುಕೊಂಡದ್ದು ಯಾವುದೂ ಆ ಹೊತ್ತಿಗೆ ನೆನಪಾಗುವುದಿಲ್ಲ. ಮೈಗೆ ಮೊದಲೇ ರೂಢಿಯಾದದ್ದಷ್ಟೇ ಹೊರಬರುತ್ತದೆ.

ತಪ್ಪನ್ನು ಗುರುತಿಸುವುದು

ಏಳನೇ ನಂಬರಿನ ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ತೆಗೆದುಕೊಂಡು, ಹುಲ್ಲಿರುವ ನೆಲದ ಮೇಲೆ, ಒಂದೇ ಗುರಿಗೆ ಹತ್ತು ಚೆಂಡು ಹೊಡೆಯಿರಿ. ಮ್ಯಾಟಿನ ಮೇಲೆ ಈ ಪರೀಕ್ಷೆ ಮಾಡಬೇಡಿ, ಏಕೆಂದರೆ ಚೆಂಡಿಗಿಂತ ಹಿಂದೆ ನೆಲ ಮುಟ್ಟಿದ ಕ್ಲಬ್ ಮ್ಯಾಟಿನ ಮೇಲೆ ಜಾರಿಕೊಂಡು ಹೋಗಿ ಚೆಂಡನ್ನು ಚೆನ್ನಾಗಿಯೇ ಎತ್ತಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ನಮ್ಮ ಕಡೆ ಮಾರ್ಚಿಯಲ್ಲಿ ಒಣಗಿ ಕಲ್ಲಾದ ನೆಲವೂ ಹೀಗೆಯೇ ಮೋಸ ಮಾಡುತ್ತದೆ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕ್ಲಬ್ ಎಲ್ಲಿ ಇಳಿಯಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ಪ್ರತಿ ಹೊಡೆತದ ಬಳಿಕ ಮೂರು ಸಂಗತಿಗಳನ್ನು ಗಮನಿಸಬೇಕು: ಮಣ್ಣು ಎಲ್ಲಿ ಎದ್ದಿತು, ಚೆಂಡು ಯಾವ ದಿಕ್ಕಿಗೆ ಹೊರಟಿತು, ಹೊರಟ ಮೇಲೆ ಯಾವ ಕಡೆಗೆ ಬಾಗಿತು. ಹುಲ್ಲು ಕಿತ್ತು ಬರುವ ಗುರುತಿಗೆ ಡಿವಟ್ ಎನ್ನುತ್ತಾರೆ. ಐರನ್ ಹೊಡೆತದಲ್ಲಿ ಕ್ಲಬ್ ಇಳಿಯುತ್ತಲೇ ಮೊದಲು ಚೆಂಡನ್ನು, ಆಮೇಲೆ ನೆಲವನ್ನು ಮುಟ್ಟಬೇಕಾದ್ದರಿಂದ ಡಿವಟ್ ಚೆಂಡಿದ್ದ ಜಾಗದ ಮುಂದೆ, ಎಂದರೆ ಗುರಿಯ ಕಡೆಗೆ, ಆರಂಭವಾಗಬೇಕು. ಇನ್ನು ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಲಬ್ಬಿನ ಮುಖವೇ. ಐರನ್‌ನಲ್ಲಿ ಸುಮಾರು ಮುಕ್ಕಾಲು ಪಾಲು, ಅತಿ ದೂರದ ಹೊಡೆತಕ್ಕೆ ಬಳಸುವ ಡ್ರೈವರ್‌ನಲ್ಲಿ ಅದಕ್ಕಿಂತಲೂ ಹೆಚ್ಚು. ಚೆಂಡು ಗಾಳಿಯಲ್ಲಿ ಬಾಗುವುದು ಕ್ಲಬ್ ಸಾಗಿದ ದಾರಿಗೂ ಮುಖ ನೋಡುತ್ತಿದ್ದ ದಿಕ್ಕಿಗೂ ಇರುವ ವ್ಯತ್ಯಾಸದಿಂದ. ಹೀಗಾಗಿ ಎಡಕ್ಕೆ ಹೊರಟು ಬಲಕ್ಕೆ ಬಾಗಿದ ಚೆಂಡು, ಕ್ಲಬ್ ಹೊರಗಿನಿಂದ, ಎಂದರೆ ನಿಮ್ಮಿಂದ ದೂರದ ಬದಿಯಿಂದ, ಒಳಕ್ಕೆ ಕೊಯ್ದುಕೊಂಡು ಬಂದಿದೆ ಎನ್ನುತ್ತದೆ. ಬಲಕ್ಕೇ ಹೊರಟು ಮತ್ತಷ್ಟು ಬಲಕ್ಕೆ ಬಾಗಿದ ಚೆಂಡು, ದಾರಿ ಹೇಗೇ ಇರಲಿ, ಮುಖ ತೆರೆದುಕೊಂಡಿತ್ತು, ಎಂದರೆ ಗುರಿಯ ಬಲಕ್ಕೆ ತಿರುಗಿತ್ತು, ಎನ್ನುತ್ತದೆ. ಇವೆರಡನ್ನೂ ಸ್ಲೈಸ್ ಎಂದೇ ಕರೆದು ಒಂದೇ ಔಷಧ ಹಾಕುವುದು ನಮ್ಮಲ್ಲಿ ಸಾಮಾನ್ಯ. ಮೊದಲನೆಯದಕ್ಕೆ ಸ್ವಿಂಗಿನ ದಾರಿಯನ್ನು ತಿದ್ದಬೇಕು, ಎರಡನೆಯದಕ್ಕೆ ಬಹುಪಾಲು ಕೈ ಹಿಡಿತವನ್ನು.

ಡ್ರೈವರ್ ವಿಷಯದಲ್ಲಿ ಇನ್ನೊಂದು ಜಾಗ್ರತೆ ಬೇಕು. ಅದರ ತಲೆಯ ಭಾರದ ಕೇಂದ್ರ ಮುಖಕ್ಕಿಂತ ಬಹಳ ಹಿಂದಿರುವುದರಿಂದ, ಕಡ್ಡಿಗೆ ಹತ್ತಿರದ ಭಾಗಕ್ಕೆ ತಾಗಿದ ಚೆಂಡು ತಾನಾಗಿಯೇ ಬಲಕ್ಕೂ ತುದಿಯ ಭಾಗಕ್ಕೆ ತಾಗಿದ್ದು ಎಡಕ್ಕೂ ಬಾಗುತ್ತದೆ. ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಬಳಿದು ಹೊಡೆದರೆ ಚೆಂಡು ತಾಗಿದ ಜಾಗ ಅಚ್ಚೊತ್ತಿದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಸ್ಲೈಸ್ ಎಂದು ಕೊರಗಿದವರಿಗೆ ತಾವು ನಿಂತದ್ದು ಚೆಂಡಿಗೆ ನಾಲ್ಕು ಬೆರಳು ಹತ್ತಿರವಾಗಿತ್ತು ಎಂದಷ್ಟೇ ತಿಳಿದುಬರುವುದೂ ಉಂಟು.

ಹಿಡಿತ ಮತ್ತು ನಿಲುವು

ಯಾವ ಡ್ರಿಲ್ ಆರಂಭಿಸುವ ಮೊದಲೂ ಇವೆರಡನ್ನು ಪರೀಕ್ಷಿಸಿ. ಕ್ರಿಕೆಟ್ಟಿನಿಂದ ಬಂದವರ ಕೈ ಬ್ಯಾಟ್ ಹಿಡಿದ ಹಾಗೆಯೇ ಕ್ಲಬ್ಬನ್ನೂ ಹಿಡಿಯುತ್ತದೆ, ಅದು ಸುಲಭಕ್ಕೆ ಬಿಡುವ ಅಭ್ಯಾಸವಲ್ಲ. ಎಡಗೈಯಲ್ಲಿ ಕ್ಲಬ್ ಅಂಗೈಯ ನಡುವೆ ಕೂರದೆ ಬೆರಳುಗಳ ಬುಡದಲ್ಲಿ ಕೂರಬೇಕು. ತಲೆ ಬಗ್ಗಿಸಿ ನೋಡಿದಾಗ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಎರಡೂ ಕೈಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೂಡುವ ಸಂದು ಬಲಭುಜದ ಕಡೆಗೆ ಮುಖ ಮಾಡಿರಬೇಕು. ನಿಲುವಿಗೆ ತೋಟದಲ್ಲೇ ಸಾಧನವಿದೆ. ಮೂರ್ನಾಲ್ಕು ಅಡಿ ಉದ್ದದ, ನೆಟ್ಟಗಿರುವ ಎರಡು ಅಡಿಕೆ ದಬ್ಬೆಗಳನ್ನು ಆರಿಸಿ, ಸಿಬಿರು ಏಳದಂತೆ ಹೆರೆದು, ಒಂದನ್ನು ಚೆಂಡಿನಾಚೆ ಗುರಿಯ ಕಡೆಗೂ ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ನಿಮ್ಮ ಕಾಲ್ಬೆರಳುಗಳ ಮುಂದೂ ನೆಲದ ಮೇಲೆ ಮಲಗಿಸಿ. ಪಾದ, ಮೊಣಕಾಲು, ಸೊಂಟ, ಭುಜ ನಾಲ್ಕೂ ಆ ದಬ್ಬೆಗೆ ಸಮಾನಾಂತರವಾಗಿರಬೇಕು. ದಬ್ಬೆಯನ್ನು ನೆಲಕ್ಕೆ ನೆಟ್ಟು ಅದರ ಪಕ್ಕ ಸ್ವಿಂಗ್ ಮಾಡಬೇಡಿ, ಕ್ಲಬ್ ತಾಗಿದರೆ ಅದು ಸೀಳಿ ಚಿಮ್ಮುತ್ತದೆ.

ಗೆರೆಯ ಡ್ರಿಲ್

ನನಗೆ ಒಂದೇ ಡ್ರಿಲ್ ಇಟ್ಟುಕೊಳ್ಳಲು ಅವಕಾಶವಿದ್ದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಚೆಂಡಿಗಿಂತ ಹಿಂದೆ ನೆಲ ಬಗೆಯುವ ಹೊಡೆತವನ್ನು ಫ್ಯಾಟ್ ಎಂದೂ, ಚೆಂಡಿನ ನೆತ್ತಿಗೆ ತಾಗಿ ಅದು ನೆಲದ ಮೇಲೆ ಉರುಳುವಂಥದ್ದನ್ನು ಟಾಪ್ ಎಂದೂ ಕರೆಯುತ್ತಾರೆ. ಇವು ಒಂದಕ್ಕೊಂದು ವಿರುದ್ಧವಾದ ತಪ್ಪುಗಳಂತೆ ತೋರಿದರೂ ಹಲವು ಸಲ ಎರಡರ ಬೇರೂ ಒಂದೇ. ಸ್ವಿಂಗ್ ಎಂಬ ಕಮಾನಿನ ತೀರ ತಗ್ಗಿನ ಬಿಂದು ಚೆಂಡಿಗಿಂತ ಹಿಂದೆ ಬಿದ್ದಾಗ, ಕ್ಲಬ್ ನೆಲಕ್ಕೆ ತಾಗಿದರೆ ಫ್ಯಾಟ್ ಆಗುತ್ತದೆ. ನೆಲಕ್ಕೆ ತಾಗದೆ ದಾಟಿದರೆ ಚೆಂಡಿನ ಹತ್ತಿರ ಬರುವ ಹೊತ್ತಿಗೆ ಅದು ಆಗಲೇ ಮೇಲೇಳುತ್ತಿರುವುದರಿಂದ ಟಾಪ್ ಆಗುತ್ತದೆ. ಟಾಪ್ ಹೊಡೆದವನಿಗೆ “ತಲೆ ಎತ್ತಿಬಿಟ್ಟಿರಿ” ಎಂದು ಪಕ್ಕದವರು ಹೇಳುವ ಬುದ್ಧಿಮಾತು ಬಹುಪಾಲು ತಪ್ಪು. ಎತ್ತಿದ್ದು ತಲೆಯಲ್ಲ, ಎಡಗಾಲಿಗೆ ದಾಟದೆ ಬಲಗಾಲಿನ ಮೇಲೇ ಉಳಿದುಬಿಟ್ಟ ಮೈಭಾರ ಕ್ಲಬ್ಬನ್ನು ಎತ್ತಿತು.

ಮನೆಯ ಅಂಚಿನ ಹುಲ್ಲಿನಲ್ಲಿ, ಅಥವಾ ಗಾಲ್ಫ್ ಮೈದಾನದವರು ಅಭ್ಯಾಸಕ್ಕೆಂದು ಬಿಟ್ಟುಕೊಟ್ಟ ಜಾಗದಲ್ಲಿ ಅವರನ್ನು ಕೇಳಿಕೊಂಡು, ರಂಗೋಲಿ ಪುಡಿಯಿಂದ ಮೂರು ಮಾರು ಉದ್ದದ ಒಂದು ಗೆರೆ ಎಳೆಯಿರಿ. ಗೆರೆ ಗುರಿಯ ದಿಕ್ಕಿಗೆ ಅಡ್ಡಲಾಗಿರಬೇಕು. ಗೆರೆಯ ಒಂದು ತುದಿಯಲ್ಲಿ, ಅದು ನಿಮ್ಮ ಎರಡು ಪಾದಗಳ ನಡುಮಧ್ಯಕ್ಕಿಂತ ತುಸು ಎಡಕ್ಕೆ ಬರುವಂತೆ ನಿಂತು, ಏಳನೇ ಐರನ್ ಹಿಡಿದು, ಚೆಂಡಿಲ್ಲದೆ, ಸೊಂಟದಿಂದ ಸೊಂಟದೆತ್ತರಕ್ಕೆ ಅರ್ಧ ಸ್ವಿಂಗ್ ಮಾಡಿ. ಕ್ಲಬ್ ನೆಲವನ್ನು ಗೆರೆಯ ಮೇಲೆ ಅಥವಾ ಗೆರೆಗಿಂತ ಮುಂದೆ ಮುಟ್ಟಬೇಕು. ಒಂದು ಸ್ವಿಂಗ್ ಆದ ಮೇಲೆ ಗೆರೆಯುದ್ದಕ್ಕೂ ಒಂದು ಗೇಣು ಮುಂದೆ ಸರಿದು ಮತ್ತೊಂದು ಮಾಡಿ. ಹೀಗೆ ಹತ್ತು ಆದಾಗ ಗೆರೆಯ ಬದಿಯಲ್ಲಿ ಹತ್ತು ಗುರುತುಗಳ ಸಾಲು ನಿಲ್ಲುತ್ತದೆ. ಆಗ ಹಿಂದೆ ನಿಂತು ನೋಡಿದರೆ ಯಾರ ವಿವರಣೆಯೂ ಬೇಕಾಗುವುದಿಲ್ಲ. ನನ್ನ ಮೊದಲ ಸಾಲಿನಲ್ಲಿ ಒಂಬತ್ತು ಗುರುತುಗಳು ಗೆರೆಯ ಹಿಂದಿದ್ದವು, ಹತ್ತನೆಯದು ಇರಲೇ ಇಲ್ಲ, ಏಕೆಂದರೆ ಆ ಸಲ ಕ್ಲಬ್ ನೆಲವನ್ನೇ ಮುಟ್ಟಿರಲಿಲ್ಲ.

ಗುರುತುಗಳು ಹಿಂದೆಯೇ ಬೀಳುತ್ತಿದ್ದರೆ ಒಂಟಿಕಾಲಿನ ಅಭ್ಯಾಸಕ್ಕೆ ಹೋಗಿ. ಬಲಗಾಲನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ, ಅದರ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿರುವಂತೆ ಇಟ್ಟು, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹೊತ್ತು ಅದೇ ಅರ್ಧ ಸ್ವಿಂಗ್ ಮಾಡಿ. ಭಾರ ಎಡಗಾಲಿನಲ್ಲಿ ನಿಂತಾಗ ಗುರುತು ತಾನಾಗಿ ಗೆರೆಯ ಮುಂದಕ್ಕೆ ಸರಿಯುವುದನ್ನು ಕಣ್ಣಾರೆ ಕಾಣುವಿರಿ. ಆ ಅನುಭವ ಮೈಯಲ್ಲಿ ಇರುವಾಗಲೇ ಎರಡೂ ಕಾಲೂರಿ ಮತ್ತೆ ಹತ್ತು ಮಾಡಿ. ಆಮೇಲಷ್ಟೇ ಗೆರೆಯ ಮೇಲೆ ಚೆಂಡಿಡಬೇಕು. ಚೆಂಡು ಬಂದ ಕೂಡಲೇ ಹಳೆಯ ತಪ್ಪು ಮರಳುತ್ತದೆ, ಇದಕ್ಕೆ ಎದೆಗುಂದಬೇಕಾಗಿಲ್ಲ. ಚೆಂಡನ್ನು ತಾನೇ ಮೇಲಕ್ಕೆ ಎತ್ತಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಎತ್ತುವ ಕೆಲಸವನ್ನು ಕ್ಲಬ್ಬಿನ ಮುಖದ ವಾಲಿಕೆಗೆ ಬಿಟ್ಟುಬಿಡಿ. ಗೆರೆ ಎಳೆಯಲಾಗದ ಕಡೆ, ಮಡಚಿದ ಟವೆಲೊಂದನ್ನು ಚೆಂಡಿನ ಹಿಂದೆ ಅರ್ಧ ಗೇಣು ದೂರದಲ್ಲಿ ಹಾಸಿ, ಅದಕ್ಕೆ ತಾಗದಂತೆ ಹೊಡೆಯುವುದನ್ನು ಅಭ್ಯಾಸ ಮಾಡಬಹುದು. ರಂಗೋಲಿ ಪುಡಿ ಕಲ್ಲಿನದಾದ್ದರಿಂದ ಕೊನೆಯಲ್ಲಿ ಕ್ಲಬ್ಬಿನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಎದ್ದ ಹುಲ್ಲುಹೆಂಟೆಗಳನ್ನು ಸ್ವಸ್ಥಾನದಲ್ಲಿಟ್ಟು ತುಳಿದು ಮರಳು ತುಂಬಬೇಕು.

ಹೊರಗಿನಿಂದ ಕೊಯ್ಯುವ ಸ್ವಿಂಗಿಗೆ

ಕ್ಲಬ್ಬನ್ನು ಹಿಂದಕ್ಕೆ ಮೇಲೊಯ್ಯುವ ಬ್ಯಾಕ್‌ಸ್ವಿಂಗಿನ ತುದಿಯಿಂದ ಇಳಿಯುವಾಗ ಬಲಭುಜ ಮೊದಲು ಮುಂದೆ ನುಗ್ಗಿದರೆ ಕ್ಲಬ್ ಹೊರದಾರಿ ಹಿಡಿಯುತ್ತದೆ. ತೋಟದಲ್ಲಿ ಕತ್ತಿ ಬೀಸಿ ಕಾಡು ಕಡಿದು ರೂಢಿಯಿದ್ದವರಿಗೆ ಇದು ಸಹಜವಾದ ಚಲನೆ, ಆದ್ದರಿಂದಲೇ ಬಿಡಿಸುವುದು ಕಷ್ಟ. ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಚೆಂಡಿಗಿಂತ ಒಂದು ಗೇಣು ಹಿಂದೆ ಮತ್ತು ನಾಲ್ಕು ಬೆರಳು ಆಚೆ, ಎಂದರೆ ನಿಮ್ಮಿಂದ ದೂರದ ಬದಿಗೆ ಇಡಿ. ಕ್ಲಬ್ ಹೊರಗಿನಿಂದ ಬಂದರೆ ಪೆಟ್ಟಿಗೆ ಹಾರುತ್ತದೆ, ಒಳಗಿನಿಂದ ಬಂದರೆ ಉಳಿಯುತ್ತದೆ.

ಪೆಟ್ಟಿಗೆ ತಪ್ಪನ್ನು ತೋರಿಸುತ್ತದೆಯೇ ಹೊರತು ತಿದ್ದುವುದಿಲ್ಲ. ತಿದ್ದುವುದಕ್ಕೆ ಇಳಿತದ ಅಭ್ಯಾಸ ಬೇಕು. ಕ್ಲಬ್ಬನ್ನು ಮೇಲಕ್ಕೆ ಒಯ್ದು ನಿಲ್ಲಿಸಿ, ಸೊಂಟವನ್ನು ಗುರಿಯ ಕಡೆಗೆ ತುಸು ಸರಿಸುತ್ತ, ಬಲಮೊಣಕೈ ಪಕ್ಕೆಯ ಬಳಿಗೆ ಬರುವಂತೆ ಕೈಗಳನ್ನು ಸೊಂಟದೆತ್ತರಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ಒಯ್ಯಿರಿ, ಇನ್ನೊಮ್ಮೆ ಇಳಿಸಿ, ಮೂರನೆಯ ಸಲ ನಿಲ್ಲದೆ ಚೆಂಡು ಹೊಡೆಯಿರಿ. ಭುಜ ತಡೆದು ಸೊಂಟ ಮೊದಲು ತಿರುಗುವುದು ಹೇಗಿರುತ್ತದೆಂದು ಅರ್ಥವಾಗದಿದ್ದರೆ, ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಅಂಗಳದಲ್ಲಿ ಎಡಬದಿಗೆ ದೂರಕ್ಕೆ ಎರಚಿ ನೋಡಿ. ಬರೀ ಕೈಯಿಂದ ಎರಚಿದ ನೀರು ಕಾಲಬುಡದಲ್ಲೇ ಬೀಳುತ್ತದೆ. ದೂರ ಬೀಳಬೇಕಾದರೆ ಕಾಲು, ಸೊಂಟ ಮೊದಲು ತಿರುಗಿ ಕೈ ಹಿಂದಿನಿಂದ ಬರಬೇಕು. ಗಾಲ್ಫಿನ ಡೌನ್‌ಸ್ವಿಂಗ್ ಇದಕ್ಕಿಂತ ಬೇರೆಯಲ್ಲ.

ಲಯ

ಒಳ್ಳೆಯ ಆಟಗಾರರ ಬ್ಯಾಕ್‌ಸ್ವಿಂಗ್ ತೆಗೆದುಕೊಳ್ಳುವ ಹೊತ್ತು ಡೌನ್‌ಸ್ವಿಂಗಿನ ಸುಮಾರು ಮೂರು ಪಟ್ಟು ಇರುತ್ತದೆ, ಸರಿಸುಮಾರು ಮುಕ್ಕಾಲು ಸೆಕೆಂಡಿಗೆ ಕಾಲು ಸೆಕೆಂಡು. ಇದನ್ನು ಎಣಿಸಲು ನನಗೆ ನೆರವಾದದ್ದು ಬಾಲ್ಯದಲ್ಲಿ ಎರಡು ವರ್ಷ ಮೃದಂಗ ಬಡಿದು ಬಿಟ್ಟ ಪಾಠ. “ತಕಧಿಮಿ ತೋಂ” ಎಂದು ಐದು ಅಕ್ಷರಗಳನ್ನು ಸಮಕಾಲದಲ್ಲಿ ಹೇಳಿಕೊಳ್ಳಿ. ಮೊದಲ “ತ”ದಲ್ಲಿ ಕ್ಲಬ್ ಹೊರಡಬೇಕು, “ಮಿ” ಎನ್ನುವಾಗ ಮೇಲಿನ ತುದಿ ಮುಟ್ಟಿರಬೇಕು, “ತೋಂ” ಎನ್ನುವಾಗ ಚೆಂಡು. ತ-ದಿಂದ ಮಿ-ಗೆ ಮೂರು ಅಂತರ, ಮಿ-ಯಿಂದ ತೋಂ-ಗೆ ಒಂದು. ಮೊದಲು ವಿಳಂಬದಲ್ಲಿ ಮಾಡಿ, ಲಯ ಕೆಡದಂತೆ ವೇಗ ಏರಿಸುತ್ತ ಬನ್ನಿ. ಸಿಟ್ಟಿನಲ್ಲಿ ಹೊಡೆಯುವ ದಿನ ಎಣಿಕೆ “ಧಿ”ಯಲ್ಲೇ ಮುಗಿದುಹೋಗುವುದನ್ನು ನಾನೇ ಕಂಡಿದ್ದೇನೆ.

ಇದರ ಜೊತೆಗೆ ಪಾದ ಜೋಡಿಸಿ ಹೊಡೆಯುವ ಅಭ್ಯಾಸವನ್ನು ಸೇರಿಸಿಕೊಳ್ಳಬಹುದು. ಎರಡೂ ಪಾದಗಳು ಒಂದಕ್ಕೊಂದು ತಾಗುವಂತೆ ನಿಂತು ಸಣ್ಣ ಹೊಡೆತ ಹೊಡೆದರೆ, ಅತಿಯಾಗಿ ಬೀಸಿದ ಕ್ಷಣವೇ ಮೈ ತೂಗಾಡಿ ಬುದ್ಧಿ ಹೇಳುತ್ತದೆ. ಕ್ಲಬ್ಬನ್ನು ತಲೆಕೆಳಗಾಗಿ ಹಿಡಿದು ಬೀಸುವುದೂ ಒಳ್ಳೆಯದು: ಗಾಳಿ ಸೀಳುವ “ಸುಂಯ್” ಸದ್ದು ಚೆಂಡಿರುವ ಜಾಗದಲ್ಲಿ ಅಥವಾ ಅದರಾಚೆ ಕೇಳಬೇಕು. ಬಲಕಿವಿಯ ಹತ್ತಿರವೇ ಕೇಳಿದರೆ ಬಲವೆಲ್ಲ ಮೇಲೆಯೇ ಖರ್ಚಾಗಿದೆ ಎಂದು ಅರ್ಥ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮೈದಾನಕ್ಕೆ ಹೋಗುವ ದಿನಗಳು ಕಡಿಮೆ. ಆಗ ಜಗಲಿಯೇ ಸಾಕು. ಗೋಡೆಗೆ ಬೆನ್ನು ಮಾಡಿ, ನಿಲುವು ತೆಗೆದುಕೊಂಡಾಗ ಪೃಷ್ಠ ಗೋಡೆಗೆ ಹಗುರವಾಗಿ ತಾಗುವಂತೆ ನಿಂತು, ಕ್ಲಬ್ಬಿಲ್ಲದೆ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ತಿರುಗಿ. ಹಿಂದಕ್ಕೆ ತಿರುಗುವಾಗ ಬಲಭಾಗ ಗೋಡೆಗೆ ಒತ್ತಬೇಕು, ಮುಂದಕ್ಕೆ ತಿರುಗುವಾಗ ಎಡಭಾಗ. ಎರಡೂ ಗೋಡೆ ಬಿಟ್ಟು ಸೊಂಟ ಚೆಂಡಿನ ಕಡೆಗೆ ನುಗ್ಗಿದರೆ, ಮೈದಾನದಲ್ಲಿ ನೀವು ಹೊಡೆಯುವಾಗ ಎದ್ದು ನಿಲ್ಲುತ್ತೀರಿ ಎಂದು ತಿಳಿಯಿರಿ. ದಿನಕ್ಕೆ ಇಪ್ಪತ್ತು ಸಲ ಸಾಕು. ಒಳಗೆ ಕ್ಲಬ್ ಹಿಡಿಯುವುದಿದ್ದರೆ ಮೊದಲು ತಲೆಯೆತ್ತಿ ಮಾಡು ನೋಡಿ. ನಮ್ಮ ಜಗಲಿಯಲ್ಲಿ ತೂಗುಹಾಕಿದ್ದ ಅಜ್ಜಿಯ ಕಾಲದ ಗಾಜಿನ ದೀಪ ಈಗಿಲ್ಲ.

ಕಾಫಿ ಒಣಗಿಸುವ ಕಣ ವಿಶಾಲವಾಗಿ ಸಮತಟ್ಟಾಗಿ ಇರುವುದರಿಂದ ಅಲ್ಲಿ ಅಭ್ಯಾಸ ಮಾಡುವ ಆಸೆ ತೋಟದವರಿಗೆಲ್ಲ ಬರುತ್ತದೆ. ನಿಲುವು, ಲಯ, ನಿಧಾನದ ಸ್ವಿಂಗ್‌ಗಳಿಗೆ ಅದು ಪ್ರಶಸ್ತ. ಆದರೆ ಸಿಮೆಂಟು ನೆಲಕ್ಕೆ ಐರನ್ ಬಡಿಯುವ ಯಾವ ಡ್ರಿಲ್ಲನ್ನೂ ಅಲ್ಲಿ ಮಾಡಕೂಡದು, ತೆಳ್ಳಗಿನ ನಾರಿನ ಮ್ಯಾಟ್ ಹಾಸಿದರೂ ಸರಿಯೇ. ಮಣಿಕಟ್ಟು ಮತ್ತು ಮೊಣಕೈಗೆ ಬೀಳುವ ಪೆಟ್ಟು ತಿಂಗಳುಗಟ್ಟಲೆ ಕಾಡುತ್ತದೆ. ಹೊಡೆತದ ಕ್ಷಣದ ನಿಲುವನ್ನು ಕಲಿಯಲು ಗೋಣಿಚೀಲಕ್ಕೆ ಹಳೆಬಟ್ಟೆಯನ್ನೋ ಕಾಫಿ ಹೊಟ್ಟನ್ನೋ ಬಿಗಿಯಾಗಿ ತುಂಬಿ, ಬಾಯಿ ಹೊಲಿದು, ಅದಕ್ಕೆ ಅರ್ಧ ವೇಗದಲ್ಲಿ ಹೊಡೆದು ಹಾಗೇ ನಿಲ್ಲಿಸಿ: ಕೈಗಳು ಕ್ಲಬ್ಬಿನ ತಲೆಗಿಂತ ಮುಂದಿವೆಯೇ, ಭಾರ ಎಡಗಾಲಿನಲ್ಲಿದೆಯೇ, ಸೊಂಟ ಗುರಿಯ ಕಡೆಗೆ ತೆರೆದಿದೆಯೇ ಎಂದು ನೋಡಿಕೊಳ್ಳಿ.

ಅರ್ಧ ಗಂಟೆಯನ್ನು ಹಂಚುವ ಬಗೆ

ಮೊದಲ ಐದು ನಿಮಿಷ ಭುಜ, ಬೆನ್ನು, ಸೊಂಟಗಳನ್ನು ಸಡಿಲಿಸಿ. ಕೆಳಬೆನ್ನಿನಲ್ಲಿ ನೋವಿದ್ದರೆ ಆ ದಿನ ಕ್ಲಬ್ ಮುಟ್ಟಬೇಡಿ. ಮುಂದಿನ ಹದಿನೈದು ನಿಮಿಷ ಆರಿಸಿಕೊಂಡ ಒಂದೇ ಡ್ರಿಲ್, ಚೆಂಡಿಲ್ಲದೆ ಮೂರು, ಚೆಂಡಿಟ್ಟು ಒಂದು ಎಂಬ ಲೆಕ್ಕದಲ್ಲಿ. ಕೊನೆಯ ಹತ್ತು ನಿಮಿಷ ಡ್ರಿಲ್ಲನ್ನು ಪೂರ್ತಿ ಮರೆತು, ಪ್ರತಿ ಚೆಂಡಿಗೂ ಗುರಿ ಬದಲಿಸಿ, ಕ್ಲಬ್ ಬದಲಿಸಿ, ಆಟದಲ್ಲಿ ಹೊಡೆದ ಹಾಗೆ ಹೊಡೆಯಿರಿ. ಒಂದೇ ಕ್ಲಬ್ಬಿನಿಂದ ಒಂದೇ ಗುರಿಗೆ ಸಾಲಾಗಿ ಹೊಡೆದಾಗ ಬರುವ ಹದ ಮೈದಾನದ ಮೊದಲ ಹೋಲ್‌ನಲ್ಲೇ ಮಾಯವಾಗುತ್ತದೆ, ಏಕೆಂದರೆ ಅಲ್ಲಿ ಒಂದೇ ಹೊಡೆತವನ್ನು ಎರಡನೆಯ ಸಲ ಹೊಡೆಯುವ ಅವಕಾಶವೇ ಇಲ್ಲ.

ವಾರಕ್ಕೊಮ್ಮೆ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ. ಸ್ಟ್ಯಾಂಡ್ ಬೇಕಾಗಿಲ್ಲ, ಮೆಣಸು ಕೊಯ್ಯುವ ಏಣಿಯ ಮೆಟ್ಟಿಲಿಗೆ ರಬ್ಬರ್ ಬ್ಯಾಂಡಿನಿಂದ ಫೋನು ಕಟ್ಟಿದರೆ ಸಾಕು. ನಿಮ್ಮ ಬಲಬದಿಯಿಂದ, ಕೈಗಳ ಎತ್ತರದಲ್ಲಿ, ಗುರಿಯ ದಿಕ್ಕಿಗೆ ಮುಖ ಮಾಡಿ ಇಟ್ಟರೆ ಸ್ವಿಂಗಿನ ದಾರಿ ಕಾಣುತ್ತದೆ. ಎದುರಿನಿಂದ ಇಟ್ಟರೆ ಮೈಭಾರ ದಾಟುವುದು ಕಾಣುತ್ತದೆ. ಪ್ರತಿ ಸಲವೂ ಏಣಿ ಅದೇ ಜಾಗದಲ್ಲಿರಲಿ, ಕೋನ ಬದಲಾದರೆ ಇಲ್ಲದ ತಪ್ಪುಗಳು ಕಾಣಿಸಿಕೊಳ್ಳುತ್ತವೆ.

ಒಂದು ಪುಸ್ತಕದಲ್ಲಿ ದಿನಾಂಕ, ಡ್ರಿಲ್, ಹತ್ತರಲ್ಲಿ ಎಷ್ಟು ಸರಿ ಎಂಬುದನ್ನು ಬರೆದಿಡಿ. ದೂರದ ಲೆಕ್ಕವನ್ನೂ ಬರೆಯುವುದಾದರೆ ಊರಿನ ಹೆಸರು ಸೇರಿಸಿ: ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ, ಇಲ್ಲಿ ಚೆಂಡು ಮಂಗಳೂರಿಗಿಂತ ನೂರಕ್ಕೆ ಮೂರು-ನಾಲ್ಕು ಪಾಲು ಹೆಚ್ಚು ದೂರ ಹೋಗುತ್ತದೆ. ನೂರೈವತ್ತು ಗಜದ ಹೊಡೆತಕ್ಕೆ ಅದು ಐದಾರು ಗಜ. ಕರಾವಳಿಗೆ ಹೋಗಿ ಆಡಿದ ದಿನ ಸ್ವಿಂಗ್ ಕೆಟ್ಟಿತೆಂದು ಅದನ್ನು ತಿದ್ದಲು ಹೊರಡಬೇಡಿ.

ಬೇರೆ ಬೇರೆ ಮೂರು ದಿನ ಗೆರೆಯ ಡ್ರಿಲ್‌ನಲ್ಲಿ ಹತ್ತಕ್ಕೆ ಎಂಟು ಗುರುತುಗಳು ಗೆರೆಯ ಮುಂದೆ ಬಿದ್ದವೆಂದರೆ ಮುಂದಿನ ತಪ್ಪಿಗೆ ಹೋಗಬಹುದು. ಐದಕ್ಕೇ ನಿಂತಿದ್ದರೆ ಸ್ವಿಂಗನ್ನು ಇನ್ನೂ ಚಿಕ್ಕದು ಮಾಡಿ, ಇನ್ನೂ ನಿಧಾನಿಸಿ, ಅಲ್ಲೇ ಇರಿ. ನಾನು ಆ ಗೆರೆಯ ಮೇಲೆ ಏಳು ವಾರ ಕಳೆದೆ. ಎಂಟನೆಯ ವಾರ ಪೆಟ್ಟಿಗೆ ಇಟ್ಟೆ, ಮೊದಲ ಹೊಡೆತಕ್ಕೇ ಅದು ಹಾರಿ ಕ್ಯಾಡಿಯವರ ಕಾಲ ಬಳಿ ಬಿತ್ತು. ಅವರು ಅದನ್ನು ಎತ್ತಿ ತಂದು, ಮಾತಾಡದೆ, ಮತ್ತೆ ಅದೇ ಜಾಗದಲ್ಲಿಟ್ಟರು.